ವಿದ್ಯಾರ್ಥಿ ವ್ಯವಹಾರವೂ ಒಂದು ಭಾನುವಾರವೂ

ದಿನಾಂಕವಿಲ್ಲದ ಮಾತನ್ನು ನಂಬಬಾರದು ಎಂಬುದು ನನ್ನ ವೃತ್ತಿ ಕಲಿಸಿದ ಪಾಠ. ದಿನಾಂಕವಿರುವ ಮಾತನ್ನಂತೂ ನಂಬಲೇಬಾರದು ಎಂಬುದು ನಿವೃತ್ತಿಯ ಅನಂತರದ ಸೇರ್ಪಡೆ. ಶಾಸನಗಳಲ್ಲಿರುವ ತಿಥಿ, ವಾರ, ಸಂವತ್ಸರಗಳನ್ನು ಪಂಚಾಂಗದೊಡನೆ ತಾಳೆ ನೋಡುವುದು ನನ್ನ ಕೆಲಸವಾಗಿತ್ತು. ತಾಳೆಯಾಗದವನ್ನು ಕೂಟಶಾಸನ, ಅಂದರೆ ಯಾರೋ ಅನಂತರ ಹುಟ್ಟಿಸಿದ ನಕಲಿ, ಎಂದು ಷರಾ ಬರೆದು ಪಕ್ಕಕ್ಕಿಡುತ್ತಿದ್ದೆ. ಈ ಅಭ್ಯಾಸ ಕ್ರಮೇಣ ಮನೆಯನ್ನೂ ಹೊಕ್ಕಿತು. ಮದುವೆಯ ಆಮಂತ್ರಣ ಬಂದರೆ ವಧೂವರರ ಹೆಸರಿಗಿಂತ ಮೊದಲು ತಾರೀಕೂ ವಾರವೂ ಕೂಡಿಬರುತ್ತವೆಯೇ ಎಂದು ನೋಡುತ್ತೇನೆ. ಒಮ್ಮೆ ಕೂಡಿಬರಲಿಲ್ಲ, ಕೂಡಲೇ ಫೋನ್ ಮಾಡಿ ತಿಳಿಸಿದೆ. ಅವರು ತಿದ್ದುಪಡಿಯನ್ನು ವಿನಯದಿಂದ ಸ್ವೀಕರಿಸಿದರು. ಅನಂತರ ನಮ್ಮನ್ನು ಯಾವ ಸಮಾರಂಭಕ್ಕೂ ಕರೆದಿಲ್ಲ.

ಇಂಥವನ ಬಳಿಗೆ ಸಫಿಯಾ ಶಿಫಾರಸು ಪತ್ರ ಕೇಳಿಕೊಂಡು ಬಂದದ್ದು ಅವಳ ದುರದೃಷ್ಟ. ಮೂಡುಬಿದಿರೆಯ ಕಾಲೇಜೊಂದರ ವಿದ್ಯಾರ್ಥಿ ಕ್ಷೇಮಪಾಲನಾ ಕೊಠಡಿಯಲ್ಲಿ ಅವಳು ತಾತ್ಕಾಲಿಕ ಸಹಾಯಕಿ. ಅದೇ ಕಾಲೇಜಿನ ಓಲೆಗರಿ ಕೊಠಡಿಯಲ್ಲಿ ವಾರಕ್ಕೆರಡು ದಿನ ಕುಳಿತು ಧೂಳು ಸೇವಿಸಲು ನಾನು ಶಿರ್ತಾಡಿಯಿಂದ ಬಸ್ಸಿನಲ್ಲಿ ಹೋಗುತ್ತೇನೆ. ಹಾಸ್ಟೆಲಿನ ಜಗಳದಿಂದ ಹಿಡಿದು ಬಸ್ ಪಾಸಿನವರೆಗೆ ಮಕ್ಕಳ ಎಲ್ಲ ತಾಪತ್ರಯವೂ ಅವಳ ಮೇಜಿಗೇ ಬರುತ್ತದೆ. ಆದರೆ ಆ ಕೆಲಸಕ್ಕೆಂದೇ ಇರುವ ಸ್ನಾತಕೋತ್ತರ ಪದವಿ ಇಲ್ಲದೆ ಅವಳ ಹುದ್ದೆ ಖಾಯಂ ಆಗದು. ಅರ್ಜಿ ಹಾಕಿದ್ದಳು. ಅಭ್ಯರ್ಥಿಯನ್ನು ಬಲ್ಲ ವಿದ್ವಾಂಸರೊಬ್ಬರ ಪತ್ರವೊಂದೇ ಬಾಕಿ. ಅದು ಮುಂದಿನ ವಾರದ ಶುಕ್ರವಾರ ಸಂಜೆ ಐದರೊಳಗೆ ಕಾಲೇಜಿನ ಕಚೇರಿಗೆ ಸೇರಬೇಕು.

ಅರ್ಜಿಯಲ್ಲಿ ವ್ಯಾಸಂಗದ ಹೆಸರನ್ನು ‘ವಿದ್ಯಾರ್ಥಿ ವ್ಯವಹಾರಗಳ ಆಡಳಿತ’ ಎಂದು ಮುದ್ರಿಸಿದ್ದರು. ನಾನು ಅಲ್ಲಿಯೇ ಎಡವಿದೆ. ಹಳೆಯ ಧರ್ಮಶಾಸ್ತ್ರಗಳಲ್ಲಿ ವ್ಯವಹಾರವೆಂದರೆ ಮೊಕದ್ದಮೆ. ಹಾಗಾದರೆ ಈ ಹುಡುಗಿ ಎರಡು ವರ್ಷ ಯಾರ ಮೇಲೆ ದಾವೆ ಹೂಡಲು ಕಲಿಯಹೊರಟಿದ್ದಾಳೆ? ಮನೆಯಲ್ಲಿ ಕೇಳಿದೆ.

“ಅಡಿಕೆ ವ್ಯವಹಾರ ಗೊತ್ತುಂಟು, ಜಾಗದ ವ್ಯವಹಾರ ಗೊತ್ತುಂಟು. ಮಕ್ಕಳ ವ್ಯವಹಾರ ಎಂತದು ಮಾರಾಯ್ರೆ? ಇಂಗ್ಲಿಷಿನಲ್ಲಿ ಎಂತ ಬರೆದಿದ್ದಾರೆ, ನೋಡಿ,” ಎಂದಳು ಹೆಂಡತಿ.

“ಅಫೇರ್ಸ್.”

ಅವಳು ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಿದಳು. “ಅದಕ್ಕೆ ಎರಡು ವರ್ಷ ಕ್ಲಾಸ್ ಬೇಕಾ? ನಮ್ಮ ಕಾಲದಲ್ಲಿ ಮಕ್ಕಳು ತಾವೇ ಕಲೀತಿದ್ರು.”

ನಮ್ಮ ಕಾಲದ ಮಾತು ಬಂದದ್ದರಿಂದ ಹೇಳುತ್ತೇನೆ. ನಾನು ಮೆಲ್ಕಾರಿನ ಕಡೆ ಹಾಸ್ಟೆಲೊಂದರಲ್ಲಿದ್ದಾಗ ಈ ಶಾಸ್ತ್ರವೆಲ್ಲ ವಾರ್ಡನ್ನರ ಬೆತ್ತ ಮತ್ತು ಹಾಜರಿ ಪುಸ್ತಕದಲ್ಲಿ ಅಡಕವಾಗಿತ್ತು. ಒಮ್ಮೆ ಮನೆಯ ನೆನಪು ಹತ್ತಿಕ್ಕಲಾಗದೆ ಎರಡು ದಿನ ಊಟ ಬಿಟ್ಟೆ. ಅವರು ಪುಸ್ತಕ ತೆರೆದು, ‘ಊಟಕ್ಕೆ ಗೈರುಹಾಜರು’ ಎಂದು ಬರೆದರು. ದಿನಾಂಕ ಮಾತ್ರ ನಿಖರವಾಗಿತ್ತು.

ಪದದ ಗೊಂದಲ ಹೇಗೋ ಕಳೆಯಿತು. ಪತ್ರದ ನಮೂನೆಯಲ್ಲಿದ್ದ ಮೊದಲನೆಯ ಪ್ರಶ್ನೆ ಮಾತ್ರ ಕಳೆಯಲಿಲ್ಲ: ‘ಅಭ್ಯರ್ಥಿಯನ್ನು ಎಂದಿನಿಂದ ಬಲ್ಲಿರಿ?’ ನನ್ನ ಹಳೆಯ ಡೈರಿ ತೆಗೆದೆ. ಜೂನ್ ತಿಂಗಳ ಒಂದು ಪುಟದಲ್ಲಿ, ‘ಸಫಿಯಾ ಎಂಬ ಹೊಸ ಸಹಾಯಕಿ ಓಲೆಗರಿ ಕೊಠಡಿಯ ಕೀಲಿ ಕೊಟ್ಟಳು’ ಎಂದಿತ್ತು. ಡೈರಿಯ ಮೇಲಿನ ಇಸವಿಯಿಂದ ಲೆಕ್ಕ ಹಾಕಿದರೆ ಏಳು ವರ್ಷ. ಅವಳು ಲಗತ್ತಿಸಿದ್ದ ನೇಮಕಾತಿ ಆದೇಶದಂತೆ ಆರೇ ವರ್ಷ. ಕೆಲಸಕ್ಕೆ ಸೇರುವುದಕ್ಕೆ ಒಂದು ವರ್ಷ ಮೊದಲೇ ಆಕೆ ಕೀಲಿ ಕೊಟ್ಟದ್ದು ಹೇಗೆ? ಒಂದೋ ಆದೇಶ ಕೂಟಶಾಸನ, ಇಲ್ಲವೇ ಬೇರೊಬ್ಬ ಸಫಿಯಾ ಇದ್ದಿರಬೇಕು. ಈ ವಿಷಯವನ್ನು ಹನ್ನೊಂದು ದಿನ ಚಿಂತಿಸಿದೆ. “ಸರ್, ಲೆಟರ್ ಆಯ್ತಾ?” ಎಂದು ಅವಳು ಎರಡು ಸಲ ಫೋನ್ ಮಾಡಿದಳು. “ಪರಿಶೀಲನೆಯಲ್ಲಿ ಉಂಟು,” ಎಂದೆ.

ಶುಕ್ರವಾರ ಮಧ್ಯಾಹ್ನ ಡೈರಿಯನ್ನು ಚೀಲಕ್ಕೆ ಹಾಕಿಕೊಂಡು ಅವಳ ಕೊಠಡಿಗೇ ಹೋದೆ. ಅವಳೆದುರು ಒಬ್ಬಳು ವಿದ್ಯಾರ್ಥಿನಿ ಅಳುತ್ತ ಕುಳಿತಿದ್ದಳು. ನಾನು ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತೆ. ಸಫಿಯಾ ಏನಾಯಿತೆಂದೂ ಕೇಳಲಿಲ್ಲ, ಎಂದಾಯಿತೆಂದಂತೂ ಕೇಳಲೇ ಇಲ್ಲ. “ಬೆಳಿಗ್ಗೆ ಎಂತ ತಿಂದದ್ದು?” ಎಂದಷ್ಟೇ ಕೇಳಿದಳು. ಹುಡುಗಿ ತಲೆಯಲ್ಲಾಡಿಸಿದಳು. ಸಫಿಯಾ ತನ್ನ ಬುತ್ತಿ ತೆರೆದು ಮುಂದಿಟ್ಟಳು. ಅರ್ಧ ಗಂಟೆಯಲ್ಲಿ ಹುಡುಗಿ ಮಾತನಾಡಿದಳು, ಮುಖ ತೊಳೆದಳು, ತರಗತಿಗೆ ಹೋದಳು.

ಆಮೇಲೆ ಸಫಿಯಾ ನನ್ನತ್ತ ತಿರುಗಿದಳು. ಗಂಟೆ ಮೂರೂವರೆ. ಪತ್ರದ ಬಗ್ಗೆ ಅವಳು ಕೇಳಬೇಕಿತ್ತು, ಕೇಳಲಿಲ್ಲ.

“ಸರ್, ನಿಮ್ಮದು ಊಟ ಆಯ್ತಾ?”

ಆಗಿರಲಿಲ್ಲ. ಉಳಿದಿದ್ದ ಒಂದು ಪತ್ತಿರಿಯನ್ನು ನನಗೆ ಕೊಟ್ಟಳು. ಆ ಅಕ್ಕಿರೊಟ್ಟಿಯನ್ನು ತಿನ್ನುತ್ತಲೇ ಡೈರಿ ತೆರೆದು, ಈ ವೈರುಧ್ಯಕ್ಕೆ ಸಮಾಧಾನ ಹೇಳಬೇಕೆಂದು ಸ್ವಲ್ಪ ಗಡುಸಾಗಿಯೇ ಕೇಳಿದೆ. ಅವಳು ಪುಟವನ್ನು ನೋಡಿದಳು.

“ಸರ್, ಇಲ್ಲಿ ತಾರೀಕಿನ ಹತ್ತಿರ ಭಾನುವಾರ ಅಂತ ಪ್ರಿಂಟ್ ಉಂಟಲ್ಲ. ಭಾನುವಾರ ನಮ್ಮ ಕಾಲೇಜಿಗೆ ಬೀಗ ಅಲ್ವಾ? ನಾನು ಕೀಲಿ ಕೊಟ್ಟದ್ದು ಎಲ್ಲಿ, ನಿಮ್ಮ ಮನೆಗೆ ಬಂದಾ?”

ನಾನು ರೊಟ್ಟಿ ಕೆಳಗಿಟ್ಟೆ.

“ಬೇಸರ ಮಾಡ್ಬೇಡಿ. ನೀವು ಹಿಂದಿನ ವರ್ಷದ ಡೈರಿಯಲ್ಲಿ ಬರೆದದ್ದಾ? ಹಾಳೆ ದಂಡ ಮಾಡ್ಬಾರ್ದು ಅಂತ ನಮಗೆಲ್ಲ ಹೇಳ್ತಿರ್ತೀರಲ್ಲ.”

ಹೌದು. ಗುರುವಾಯನಕೆರೆಯ ಅಂಗಡಿಯೊಂದು ಉಚಿತವಾಗಿ ಕೊಟ್ಟ ಆ ಡೈರಿ ವರ್ಷವಿಡೀ ಖಾಲಿ ಉಳಿದಿತ್ತು. ಮರುವರ್ಷ ಅದರಲ್ಲಿಯೇ ಬರೆದಿದ್ದೆ. ಕೂಟಶಾಸನವಿದ್ದದ್ದು ನನ್ನ ಚೀಲದಲ್ಲಿ. ವಾರ ಕೂಡಿಬರಲಿಲ್ಲವೆಂದು ನಾನು ಪಕ್ಕಕ್ಕಿಟ್ಟ ಶಾಸನಗಳೆಲ್ಲ ಆಗ ಕಣ್ಣ ಮುಂದೆ ಸಾಲುಗಟ್ಟಿದವು. ಅವನ್ನು ಬರೆದವರಲ್ಲಿಯೂ ಕೆಲವರು ನನ್ನ ಹಾಗೆ ಮಿತವ್ಯಯಿಗಳಾಗಿದ್ದಿರಬಹುದು.

‘ಆರು ವರ್ಷ’ ಎಂದು ಬರೆದೆ. ಉಳಿದದ್ದು ಕೊನೆಯ ಪ್ರಶ್ನೆ: ‘ಗೊಂದಲದಲ್ಲಿದ್ದ ವಿದ್ಯಾರ್ಥಿಗೆ ಅಭ್ಯರ್ಥಿ ನೆರವಾದ, ತಾವು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ವಿವರಿಸಿ.’ ಈಗಷ್ಟೇ ಕಂಡಿದ್ದೇನಲ್ಲ ಎಂದು ಉತ್ಸಾಹದಿಂದ ಪೆನ್ನು ಎತ್ತಿದೆ.

“ಆ ಹುಡುಗಿಯ ವಿಷಯ ಬೇಡ ಸರ್,” ಎಂದಳು ಸಫಿಯಾ. “ಅವಳು ನನ್ನನ್ನು ನಂಬಿ ಹೇಳಿದ್ದು.”

“ಹಾಗಾದರೆ ನಾನು ಎಂತ ಬರೆಯಲಿ? ಬೇರೆ ಆಧಾರ ನನ್ನ ಹತ್ತಿರ ಇಲ್ಲ.”

ಅವಳು ಗಡಿಯಾರ ನೋಡಿದಳು. ಆಗ ನಾಲ್ಕೂಕಾಲು. ನನಗೆ ತಿಳಿದಿದ್ದ, ಕಣ್ಣಾರೆ ಕಂಡಿದ್ದ, ಅಲ್ಲಗಳೆಯಲಾಗದ ಇನ್ನೊಂದೇ ಪ್ರಸಂಗವಿತ್ತು. ಬರೆದೆ: ‘ದಿನಾಂಕದ ವಿಷಯದಲ್ಲಿ ಹನ್ನೊಂದು ದಿನಗಳಿಂದ ಗೊಂದಲದಲ್ಲಿದ್ದ, ಎಪ್ಪತ್ತೊಂದು ವರ್ಷ ವಯಸ್ಸಿನ ವಿದ್ಯಾರ್ಥಿಯೊಬ್ಬರು ಊಟವನ್ನೂ ಬಿಟ್ಟು ಅಭ್ಯರ್ಥಿಯ ಕೊಠಡಿಗೆ ಬಂದರು. ಆಕೆ ಅವರಿಗೆ ಮೊದಲು ಊಟ ಕೊಟ್ಟರು. ಅನಂತರ ಅವರ ತಪ್ಪನ್ನು, ಅವರಿಗೆ ಅವಮಾನವಾಗದ ರೀತಿಯಲ್ಲಿ, ತೋರಿಸಿದರು. ಇಂಥವರು ನನ್ನ ಹಾಸ್ಟೆಲಿನಲ್ಲಿ ಇರಲಿಲ್ಲ.’ ಕೊನೆಯ ವಾಕ್ಯಕ್ಕೆ ಪುರಾವೆ ಲಗತ್ತಿಸಲಿಲ್ಲ.

ಸಹಿಯ ಪಕ್ಕದಲ್ಲಿ ದಿನಾಂಕದ ಜಾಗವಿತ್ತು. ಕೈ ತಡೆಯಿತು. “ಬರೀರಿ ಸರ್, ನಾನು ಹೇಳ್ತೇನೆ,” ಎಂದಳು. ಅವಳು ಹೇಳಿದ ತಾರೀಕನ್ನು ಯಾವ ಪಂಚಾಂಗವನ್ನೂ ನೋಡದೆ ಬರೆದು, ಲಕೋಟೆಗೆ ಅಂಟು ಹಚ್ಚಿ ಕೊಟ್ಟೆ. ಐದಕ್ಕೆ ಹತ್ತು ನಿಮಿಷವಿರುವಾಗ ಅದು ಕಚೇರಿಯನ್ನು ಸೇರಿತು.

ಶಿರ್ತಾಡಿಯ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟು ಕೊಟ್ಟ. ಅತ್ತಿತ್ತ ನೋಡಿ, ಕನ್ನಡಕ ಹಾಕಿಕೊಂಡು, ಅದರ ಮೇಲಿನ ದಿನಾಂಕ ಓದಿದೆ. ಅವಳು ಹೇಳಿದ್ದು ಸರಿಯಾಗಿತ್ತು.