ಹಗೇವಿನ ಮೇಲೊಂದು ಭೂಕಂಪದ ವಿಮೆ

"ಇಡೀ ಬೆಟಗೇರಿಯೊಳಗ ಭೂಕಂಪದ ವಿಮಾ ಮಾಡಿಸಿದ ಮೊದಲನೇ ಮನಿ ನಮ್ಮದಾಗಬೇಕು!" ಎಂದು ಅರಳೆ ದಲಾಲಿ ಅಂದಪ್ಪ ಪಡಸಾಲೆಯಲ್ಲಿ ನಿಂತು ಘೋಷಿಸಿದಾಗ ಕೇಳಲು ಹೆಂಡತಿ ಸಾವಿತ್ರೆವ್ವ ಒಬ್ಬಳೇ ಇದ್ದಳು. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

ಅದು ೧೯೫೬ರ ಮಳೆಗಾಲ. ಕಚ್ಛದ ಕಡೆ ನೆಲ ನಡುಗಿ ಮನೆಗಳು ಉರುಳಿದ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಅಂದಿನಿಂದ ಅಂದಪ್ಪನಿಗೆ ತನ್ನ ಮಣ್ಣಿನ ಮಾಳಿಗೆಯ ಕೆಳಗೆ ಕೂತರೆ ತುತ್ತು ಇಳಿಯದು. ಮಾಳಿಗೆಯ ಮೇಲೆ ಬೆಕ್ಕು ಓಡಿದರೂ ಎದ್ದು ನಿಲ್ಲುವನು! ಆದರೆ ಹೆದರಿಕೆಯನ್ನು ಹೆದರಿಕೆ ಎಂದು ಒಪ್ಪಿಕೊಂಡರೆ ಮಾನ ಉಳಿದೀತೇ? ಅದಕ್ಕೆ ದೂರದೃಷ್ಟಿ ಎಂದು ಹೆಸರಿಟ್ಟ.

"ವರ್ಷಾ ಸೀಗಿ ಹುಣ್ಣಿಮಿಗೆ ಭೂಮಿತಾಯಿಗೆ ಚರಗ ಚೆಲ್ಲಿ ಉಣಸತೀವಿ. ನಮ್ಮ ಕೈಲೆ ಉಂಡಾಕಿ ನಮ್ಮ ಮನಿ ಯಾಕ ಕೆಡವ್ಯಾಳ್ರಿ?" ಎಂದಳು ಸಾವಿತ್ರೆವ್ವ.

"ಆಕಿ ಉಂಡದ್ದಕ್ಕ ರಸೀದಿ ಕೊಡತಾಳೇನು? ವಿಮಾದವರು ಕೊಡತಾರ!"

"ಆತು ಬಿಡ್ರಿ. ಖರೇನ ಭೂಕಂಪ ಆದ್ರ ನೀವೇನ್ ಮಾಡ್ತೀರಿ?"

"ನಾನಾ? ಮೊದಲ ನಿನ್ನ ಹೊರಗ ಕಳಸ್ತೀನಿ. ಕಂಬದಂಗ ನಿಂತು ಕಡೀಕ ಬರಾಂವ ನಾನು!"

ವಿಮೆಯ ಮಾತನ್ನೂ ಈ ಮಾತನ್ನೂ ಅವನು ಗದಗಿನ ಅರಳೆಪೇಟೆಯಲ್ಲೂ ನಾಲ್ಕು ಮಂದಿಯ ಮುಂದೆ ಆಡಿಬಿಟ್ಟ. ಇನ್ನು ವಿಮೆಯಾಗದಿದ್ದರೆ ಪೇಟೆಯಲ್ಲಿ ತಲೆ ಎತ್ತುವಂತಿರಲಿಲ್ಲ. ಹುಬ್ಬಳ್ಳಿಯ ವಿಮಾ ಏಜೆಂಟ ಚನ್ನಬಸವಣ್ಣನಿಗೆ ಕಾಗದ ಹೋಯಿತು, ಮನೆ ನೋಡಲು ಬರುತ್ತೇನೆಂದು ಉತ್ತರವೂ ಬಂತು. ಕೊನೆಯಲ್ಲೊಂದು ಸಾಲು: "ನೆಲದಡಿ ಪೊಳ್ಳು ಇರುವ ಮನೆಗೆ ವಿಮೆ ಕೊಡುವುದಿಲ್ಲ."

ಆದರೆ ಅಂದಪ್ಪನ ಪಡಸಾಲೆಯ ನಟ್ಟನಡುವೆ ಅಜ್ಜನ ಕಾಲದ ಹಗೇವು ಇತ್ತು! ಜೋಳ ತುಂಬಿಡಲು ನೆಲದೊಳಗೆ ತೋಡಿದ ದೊಡ್ಡ ಗುಂಡಿ, ಬಾಯಿಗೆ ಒಂದು ಕಲ್ಲುಚಪ್ಪಡಿ. ಅಂದಪ್ಪ ಅದರ ಮೇಲೆ ಜಮಖಾನೆ ಹಾಸಿದ. ಏಜೆಂಟನನ್ನು ಅಲ್ಲೇ ಕುರ್ಚಿ ಹಾಕಿ ಕೂರಿಸುವುದೆಂದು ಮನಸ್ಸಿನಲ್ಲೇ ನಿಶ್ಚಯಿಸಿದ. ತಾನು ಕೂತ ಜಾಗದ ಅಡಿ ಯಾರು ಹುಡುಕುತ್ತಾರೆ? ತನ್ನ ಜಾಣತನಕ್ಕೆ ತಾನೇ ಮೀಸೆ ತಿರುವಿಕೊಂಡ.

ಮರುದಿನ ಅವನು ಏಜೆಂಟನನ್ನು ಕರೆತರಲು ಸ್ಟೇಶನ್ನಿಗೆ ಹೋದ. ಇತ್ತ ಸಾವಿತ್ರೆವ್ವ, ಹಗೇವಿನ ಜೋಳಕ್ಕೆ ಗಾಳಿಯಾಡಲೆಂದು ಪಕ್ಕದ ಮನೆಯ ಮಾಶಾಕನನ್ನು ಕರೆದು ಚಪ್ಪಡಿ ಎತ್ತಿಸಿದಳು. ಅಷ್ಟರಲ್ಲಿ ಟಾಂಗಾದ ಸಪ್ಪಳ ಕೇಳಿತು. ಅವಸರದಲ್ಲಿ ಗುಂಡಿಯ ಬಾಯಿಗೆ ಒಂದು ಹಳೆಯ ಹಲಗೆ ಇಟ್ಟು ಜಮಖಾನೆ ಎಳೆದಳು.

ಚನ್ನಬಸವಣ್ಣ ಭಾರೀ ಆಸಾಮಿ. ಟಾಂಗಾದ ಕುದುರೆಯೇ ಅವನು ಇಳಿದ ಮೇಲೆ ಉಸಿರು ಬಿಟ್ಟಿತು. ಅಂದಪ್ಪ ಕುರ್ಚಿಯನ್ನು ಎತ್ತಿ ತಂದು ಜಮಖಾನೆಯ ನಡುವೆ ಇಟ್ಟ.

"ಅಲ್ರೀ, ಅಲ್ಲಿ ಕುರ್ಚಿ..." ಎಂದಳು ಸಾವಿತ್ರೆವ್ವ.

"ಶ್! ಚಹಾ ತಗೊಂಡ್ ಬಾ!"

"ಚಹಾ ತರತೀನ್ರಿ, ಆದ್ರ ಅದರ ತಳಗ..."

"ಬಾಯಿ ಮುಚ್ಚಲೇ! ಸಾಹೇಬ್ರ, ಕುಂಡ್ರಿ, ಕುಂಡ್ರಿ!"

ಚನ್ನಬಸವಣ್ಣ ಮೆಲ್ಲಗೆ ಕೂತ. ಹಲಗೆ ಕಿರ್ರೆಂದಿತು. ಅವನು ಕಾಗದ ಬಿಡಿಸಿ, "ಈ ಮನ್ಯಾಗ ಎಂದಾರ ನೆಲ ಕುಸಿದದ್ದು ಉಂಟೇನ್ರಿ?" ಎಂದು ಕೇಳಿದ.

"ಅಯ್ಯ! ಮುತ್ತ್ಯಾನ ಕಾಲದಿಂದ ಒಂದು ಕೂದಲೆಳಿಯಷ್ಟೂ ಕುಸಿದಿಲ್ರಿ!"

"ಇಲ್ಲ" ಎಂದು ಬರೆಯಲು ಏಜೆಂಟ ಮುಂದಕ್ಕೆ ಬಾಗಿದ. ಫಟಾರ್! ಕುರ್ಚಿ, ಕಾಗದ, ಚನ್ನಬಸವಣ್ಣ, ಮೂರೂ ಒಟ್ಟಿಗೆ ಪಾತಾಳದ ದಾರಿ ಹಿಡಿದವು!

"ಭೂಕಂಪ! ಭೂಕಂಪ! ಓಡ್ರೆಪೋ ಓಡ್ರಿ!"

ಕೂಗಿದವನು ಅಂದಪ್ಪ. ಓಡಿದವನೂ ಅವನೇ. ಚಹಾ ಹಿಡಿದು ಬರುತ್ತಿದ್ದ ಹೆಂಡತಿಯನ್ನು ದಾಟಿ, ಹೊಸ್ತಿಲು ಜಿಗಿದು, ಬರಿಗಾಲಲ್ಲಿ ಓಣಿಯ ತುದಿಯ ಬೇವಿನ ಮರದವರೆಗೆ ಹೋಗಿ ನಿಂತ. ಅವನ ಹಿಂದೆ ಓಣಿಗೆ ಓಣಿಯೇ ಹೊರಬಿತ್ತು. ರೊಟ್ಟಿ ಹಿಟ್ಟಿನ ಕೈಯವರು, ಅರ್ಧ ಗಡ್ಡ ಹೆರೆದವರು, ಕೂಸು ಎತ್ತಿಕೊಂಡವರು!

ಇತ್ತ ಪುಣ್ಯಕ್ಕೆ ಹಗೇವು ಮುಕ್ಕಾಲು ತುಂಬಿತ್ತು. ಚನ್ನಬಸವಣ್ಣ ಸೊಂಟದವರೆಗೆ ಜೋಳದಲ್ಲಿ ಹೂತು ಕೂತಿದ್ದ.

"ಏನ್ರೀ ತಾಯಿ ಇದು?"

"ಹಗೇವ್ರಿ. ಎರಡ್ ಸಲ ಹೇಳಾಕ ಬಂದೆ, ನಮ್ಮ ಮನಿಯವರು ಬಾಯಿ ಮುಚ್ಚಿಸಿದ್ರು. ಬ್ಯಾಸರ ಮಾಡ್ಕೋಬ್ಯಾಡ್ರಿ, ಚಹಾ ತಗೋರಿ" ಎಂದು ಸಾವಿತ್ರೆವ್ವ ಗುಂಡಿಯೊಳಕ್ಕೇ ಕಪ್ಪು ಚಾಚಿದಳು.

ಮಾಶಾಕ ಹಗ್ಗ ಹಾಕಿ ಏಜೆಂಟನನ್ನು ಮೇಲೆಳೆದ. ಚನ್ನಬಸವಣ್ಣ ವಿಮೆಯ ಕಾಗದವನ್ನು ಹರಿದು ಅದೇ ಹಗೇವಿಗೆ ಹಾಕಿ, ಕಿಸೆಯಿಂದ ಜೋಳ ಸುರಿಸುತ್ತ ಸ್ಟೇಶನ್ನಿಗೆ ನಡೆದ.

ಓಣಿಯವರೆಲ್ಲ ನಕ್ಕು ತಮ್ಮ ತಮ್ಮ ಮನೆ ಸೇರಿದ ಮೇಲೆ ಅಂದಪ್ಪ ಮೆಲ್ಲಗೆ ಬಾಗಿಲಿಗೆ ಬಂದ.

"ಕಡೀಕ ಬರಾಂವ ನಾನು ಅಂದಿದ್ರಿ. ಖರೆ ಆತು ನೋಡ್ರಿ. ಎಲ್ಲಾರೂ ಒಳಗ ಹೋದ್ರು, ಕಡೀಕ ನೀವು ಬಂದ್ರಿ" ಎಂದಳು ಸಾವಿತ್ರೆವ್ವ.

ಆ ವರ್ಷ ಸೀಗಿ ಹುಣ್ಣಿಮೆಗೆ ಚರಗ ಚೆಲ್ಲುವಾಗ ಅಂದಪ್ಪ, ಯಾರೂ ನೋಡುತ್ತಿಲ್ಲವೆಂದು ತಿಳಿದು ಎರಡು ಹಿಡಿ ಹೆಚ್ಚು ಚೆಲ್ಲಿದ.

ನವೆಂಬರ್ ಒಂದರಂದು ಮುಂಬಯಿ ರಾಜ್ಯದಲ್ಲಿದ್ದ ಗದಗ-ಬೆಟಗೇರಿ ಹೊಸ ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡಿಗರೆಲ್ಲ ಒಂದಾದ ಸಂತೋಷಕ್ಕೆ ಓಣಿಯಲ್ಲಿ ಯಾರೋ ಪಟಾಕಿ ಹಚ್ಚಿದರು. ಢಂ! ಊಟಕ್ಕೆ ಕೂತಿದ್ದ ಅಂದಪ್ಪ ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೊಸ್ತಿಲಾಚೆ ನಿಂತಿದ್ದ, ಕೈಯಲ್ಲಿ ರೊಟ್ಟಿಯ ತುಣುಕು.

ಸಾವಿತ್ರೆವ್ವ ಮಾಳಿಗೆಯ ಕಡೆ ಒಮ್ಮೆ, ಗಂಡನ ಕಡೆ ಒಮ್ಮೆ ನೋಡಿದಳು.

"ಬರ್ರಿ ಒಳಗ. ಇಡೀ ಮನಿ ಮುಂಬಯಿ ಬಿಟ್ಟು ಮೈಸೂರಿಗೆ ಹೋತು, ಮ್ಯಾಲಿಂದ ಒಂದ್ ಹಿಡಿ ಮಣ್ಣು ಉದುರಲಿಲ್ಲ. ಅಲುಗಾಡಿದವರು ನೀವೊಬ್ರ!"