ನಿಶ್ಚಿತಾರ್ಥಕ್ಕೆ ಬಂದ ಹವಾಮಾನ ವರದಿ

ಎರಡು ವಯರುಗಳ ತುದಿ ಸುಲಿದು, ತಿರುಚಿ, ಮೇಲೊಂದು ಟೇಪು ಸುತ್ತಿದ ಕೂಡಲೇ ತಾನು ಎಂಜಿನಿಯರ್ ಎಂದುಕೊಳ್ಳುವ ಪಂಗಡಕ್ಕೆ ಸೇರಿದವನು ನಾನು. ಮೆಲ್ಕಾರಿನ ಸಭಾಭವನದಲ್ಲಿ ಅಕ್ಕನ ನಿಶ್ಚಿತಾರ್ಥದ ದಿನ ಮೈಕಿನ ವಯರು ವೇದಿಕೆಗೆ ಎಟುಕದಾಗ, ಮನೆಯ ಹಳೆಯ ಕಾಲಿಂಗ್ ಬೆಲ್ಲಿನ ಕಿಲುಬು ಹಿಡಿದ ವಯರನ್ನು ತಂದು ಗಂಟು ಹಾಕಿದ ಮಹಾನುಭಾವನೂ ನಾನೇ.

ನನ್ನ ಇನ್ನೊಂದು ರೋಗ ಮಿಮಿಕ್ರಿ. ಹುಡುಗನ ದೊಡ್ಡಮಾವ ನಾರಾವಿ ಊರಿನವರು, ಮಾತಿಗೊಮ್ಮೆ ಗಂಟಲು ಸರಿಮಾಡಿಕೊಳ್ಳುವವರು. ಹೆಣ್ಣು ನೋಡಲು ಬಂದ ದಿನ ನಾನು ಅಡುಗೆಕೋಣೆಯಲ್ಲಿ ಆ ಗಂಟಲನ್ನೇ ಅನುಕರಿಸಿ ಎಲ್ಲರನ್ನೂ ನಗಿಸುತ್ತಿದ್ದೆ. ಕೈ ತೊಳೆಯಲು ಬಂದ ಅವರು ಬೆನ್ನ ಹಿಂದೆಯೇ ನಿಂತಿದ್ದರು. ಕೈ ತೊಳೆದುಕೊಂಡು ಹೋದರು. ಆಮೇಲೆ ಒಪ್ಪಿಗೆ ಬರಲು ತಡವಾದದ್ದಕ್ಕೆ ನಾನೇ ಕಾರಣವೆಂದು ಅಮ್ಮನ ತೀರ್ಮಾನ. "ಇವತ್ತೊಂದು ದಿನ ನಿನ್ನ ಸ್ವಂತ ಸ್ವರದಲ್ಲಿ ಮಾತಾಡು ಮಗಾ. ಅಕ್ಕನ ಸಂಬಂಧ ಹಾಳು ಮಾಡಬೇಡ" ಎಂದು ಕೈಮುಗಿದಿದ್ದರು.

ದೊಡ್ಡಮಾವ ವೀಳ್ಯದ ಹರಿವಾಣ ಹಿಡಿದು ನಿಂತರು. ಗಂಟಲು ಸರಿಮಾಡಿಕೊಂಡು ಸಂಪ್ರದಾಯದಂತೆ ಮೈಕಿನಲ್ಲಿ ಕೇಳಿದರು: "ನಿಮ್ಮ ಹುಡುಗಿಯನ್ನು ನಮ್ಮ ಹುಡುಗನಿಗೆ ಕೊಡ್ಲಿಕ್ಕೆ ಒಪ್ಪಿಗೆ ಉಂಟಾ?"

ಅಪ್ಪ ಬಾಯಿ ತೆರೆಯುವ ಮೊದಲೇ ಸ್ಪೀಕರು ಗಂಭೀರವಾಗಿ ಉತ್ತರಿಸಿತು: "ಗುಡುಗು ಸಹಿತ ಭಾರೀ ಮಳೆಯಾಗುವ ಸಾಧ್ಯತೆ ಇದೆ."

ಇಡೀ ಸಭೆಯ ಕತ್ತು ನನ್ನ ಕಡೆ ತಿರುಗಿತು. ನಾನಲ್ಲ ಎನ್ನೋಣವೆಂದರೆ ಬಾಯಿ ತುಂಬ ಗೋಳಿಬಜೆ. ಅಮ್ಮನ ಕಣ್ಣು ತುಂಬಿತ್ತು, ಅಕ್ಕನ ಮುಖ ಬಿಳುಚಿತ್ತು. ಗೋಳಿಬಜೆಯನ್ನು ಇಡಿಯಾಗಿ ನುಂಗಿ ಓಡಿಹೋಗಿ, ಸಾಕ್ಷಿ ತೋರಿಸಲು ವಯರಿನ ಆ ಗಂಟನ್ನು ಮುಟ್ಟಿದೆ. ಸ್ಪೀಕರಿನಲ್ಲಿ ಇನ್ನೂ ವರದಿ ಓದುತ್ತಿದ್ದ ರೇಡಿಯೋ ಸ್ವರ ಗಪ್ಪೆಂದು ನಿಂತಿತು.

"ಸಿಕ್ಕಿಬಿದ್ದ ಕೂಡಲೇ ನಿಲ್ಲಿಸಿದ, ನೋಡಿ!" ಎಂದರು ನನ್ನ ಸೋದರತ್ತೆ.

"ಅಯ್ಯೋ, ಇದು ವಿಜ್ಞಾನ ಅತ್ತೆ! ಉದ್ದ ವಯರು ಆಂಟೆನಾ ಆಗ್ತದೆ. ಕಿಲುಬು ಹಿಡಿದ ಗಂಟು ರೇಡಿಯೋ ಅಲೆಯಿಂದ ಸ್ವರವನ್ನು ಮಾತ್ರ ಸೋಸಿ ಕೊಡ್ತದೆ. ಆಂಪ್ಲಿಫೈಯರು ಅದನ್ನು ಊರಿಗೆಲ್ಲ ಸಾರ್ತದೆ, ನಿಮ್ಮ ಹಾಗೆ" ಎಂದೆ. ಕೊನೆಯ ಎರಡು ಪದಗಳಿಂದ ನನ್ನ ಪಕ್ಷದಲ್ಲಿದ್ದ ಒಂದೆರಡು ಮತಗಳೂ ಹೋದವು. "ಇವ ಹುಟ್ಟಿದ್ದೇ ಸುಳ್ಳು ಸ್ವರದಲ್ಲಿ" ಎಂದು ಅಪ್ಪ ತಲೆ ತಗ್ಗಿಸಿದರು.

ಆಗ ದೊಡ್ಡಮಾವ ಗಂಟಲು ಸರಿಮಾಡಿಕೊಂಡರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹರಿವಾಣವನ್ನು ಅಪ್ಪನ ಕೈಗಿಟ್ಟು ಹೇಳಿದರು:

"ಅವನನ್ನು ಬಿಡಿ ಮಾರಾಯ್ರೆ, ಅದು ಅವನಲ್ಲ. ಅವನು ಮಾಡಿದ್ದನ್ನು ನಾನು ಕೇಳಿದ್ದೇನೆ, ಇಷ್ಟು ಲಾಯ್ಕ್ ಆಗುವುದಿಲ್ಲ."