ಐದು ವರ್ಷಗಳ ನಂತರ ನೀವೆಲ್ಲಿ?

ಎಲ್ಲ ಶುರುವಾದದ್ದು ಒಂದು ಪ್ರಶ್ನೆಯಿಂದ. ಸಂಶೋಧನಾ ವಿದ್ಯಾರ್ಥಿಗಳೆಲ್ಲ 'ವೈಯಕ್ತಿಕ ಬೆಳವಣಿಗೆಯ ಯೋಜನೆ' ಬರೆದು, ಗೈಡ್ ಕೈಲಿ ಸಹಿ ಹಾಕಿಸಿ ಸಂಜೆಯೊಳಗೆ ಕೊಡಬೇಕೆಂದು ಕಚೇರಿಯಿಂದ ಫಾರಂ ಬಂದಿತ್ತು. ಮೊದಲ ಪ್ರಶ್ನೆಯೇ 'ಐದು ವರ್ಷಗಳ ನಂತರ ನೀವೆಲ್ಲಿರುತ್ತೀರಿ?'

ನೊಣದಕ್ಕ ಬರೆದಳು: 'ಈ ನೊಣಗಳ ಜೊತೆಯಂತೂ ಇರುವುದಿಲ್ಲ.'

ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಆರು ವರ್ಷ ಗಾಜಿನ ಕೊಳವೆಗಳಲ್ಲಿ ಹಣ್ಣಿನ ನೊಣ ಸಾಕಿ, ಅವುಗಳ ಕಣ್ಣಿನ ಬಣ್ಣ ನೋಡಿ ನೋಡಿ, ಪ್ರಬಂಧವನ್ನೂ ಬರೆದು ಮುಗಿಸಿದ್ದಳು. ಸಹಿಗೆ ಹೋದಾಗಲೆಲ್ಲ ಗೈಡ್ ಮೇಷ್ಟ್ರು ಕನ್ನಡಕ ಒರೆಸುತ್ತ ಅದೇ ರಾಗ ಎಳೆಯುತ್ತಿದ್ದರು: "ಇನ್ನೊಂದೇ ಒಂದು ಪ್ರಯೋಗ ಆಗಿಬಿಡ್ಲಿ." ಆ 'ಒಂದೇ ಒಂದು' ಎರಡು ವರ್ಷವಾದರೂ ಮುಗಿದಿರಲಿಲ್ಲ. ಈ ವರ್ಷ ಹೊರಬೀಳದಿದ್ದರೆ ತಾನೂ ಒಂದು ಕೊಳವೆ ಸೇರುವುದು ಖಾತ್ರಿ ಎಂದು ಅವಳಿಗೆ ಅನಿಸಿತ್ತು.

ಪಕ್ಕದ ಮೇಜಿನ ಕಿರಿಯ ಮೇಷ್ಟ್ರು ಇಣುಕಿ ನೋಡಿ ಹೌಹಾರಿದರು.

"ಅಯ್ಯೋ, ಸರ್ ಉರಿದುಬೀಳ್ತಾರೆ! ನಾಯಕತ್ವ, ಗುರಿ ಅಂತ ಏನಾದ್ರೂ ಬರೀರಿ."

ಅಷ್ಟಕ್ಕೇ ನಿಲ್ಲದೆ ಅವಳ ಸಾಲಿನ ಮೇಲೆ ವೈಟ್ನರ್ ಬಳಿದೂ ಬಿಟ್ಟರು. ಅದು ಒಣಗುವವರೆಗೆ ಅವಳು ಕಾದು, ಅದರ ಮೇಲೇ ಇನ್ನೂ ದಪ್ಪಕ್ಕೆ ಬರೆದಳು.

ಕಚೇರಿಯ ಗುಮಾಸ್ತೆ ಬೇರೆ ಯಾರೂ ಅಲ್ಲ, ಅವಳ ಚಿಕ್ಕಮ್ಮ. "ಏನೇ ಇದು, ಸುಣ್ಣ ಬಳಿದ ಗೋಡೆ? ನಡೆಯಲ್ಲ. ಹೊಸ ಫಾರಂ ತಗೋ, ಇದರಲ್ಲಾದ್ರೂ ಒಳ್ಳೆ ಮಾತು ಬರಿ," ಎಂದರು. ಕಿಟಕಿಗೆ ಒರಗಿ ಅವಳು ಮತ್ತೆ ಅದನ್ನೇ ಬರೆದಳು. ಚಿಕ್ಕಮ್ಮ ಗಟ್ಟಿಯಾಗಿ ಓದಿದರು. ಮಧ್ಯಾಹ್ನದೊಳಗೆ ಇಡೀ ಕಟ್ಟಡಕ್ಕೆ ಸುದ್ದಿ ಹಬ್ಬಿತು, ಅಮ್ಮನ ಫೋನೂ ಬಂತು.

"ಸ್ವಲ್ಪ ಬಗ್ಗಿ ನಡೆದ್ರೆ ನಿನ್ನ ಗಂಟೇನು ಹೋಗುತ್ತೆ?"

"ಆರು ವರ್ಷ ಮೈಕ್ರೋಸ್ಕೋಪಿಗೆ ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗಿದೆ ಅಮ್ಮ. ಇನ್ನು ಬಗ್ಗಲ್ಲ!"

ಸಹಿಗೆಂದು ಅವಳು ತಂದಿಟ್ಟ ಫಾರಂ ಗೈಡ್ ಮೇಷ್ಟ್ರು ಓದಿದರು. ಮತ್ತೆ ಓದಿದರು. ಬಾಗಿಲಾಚೆ ಕಾರಿಡಾರಿಗೆ ಕಾರಿಡಾರೇ ಉಸಿರು ಬಿಗಿಹಿಡಿದು ನಿಂತಿತ್ತು.

"ಇಷ್ಟು ವರ್ಷದಲ್ಲಿ ನಿಜ ಬರೆದವಳು ನೀನೊಬ್ಬಳೇ ಕಣಮ್ಮ," ಎಂದು ಸಹಿ ಹಾಕಿಯೇಬಿಟ್ಟರು. "ಪ್ರಬಂಧಾನೂ ತಗೊಂಡು ಬಾ."

ಅವಳ ಕಾಲು ನೆಲದ ಮೇಲಿರಲಿಲ್ಲ. ಪ್ರಬಂಧ ಬೈಂಡ್ ಮಾಡಿಸಿಕೊಂಡು ಓಡೋಡಿ ಬಂದಾಗ ಮೇಷ್ಟ್ರ ಮೇಜು ಖಾಲಿ. ಅವರು ಚೀಲ ಹೆಗಲಿಗೇರಿಸಿ ಮದುಮಗನ ಹಾಗೆ ನಗುತ್ತಿದ್ದರು.

"ನಿನ್ನ ಉತ್ತರ ಓದಿ ನನಗೂ ಧೈರ್ಯ ಬಂತು. ಈ ನೊಣಗಳ ಜೊತೆ ನಾನೂ ಇರಲ್ಲ ಅಂತ ರಾಜೀನಾಮೆ ಕೊಟ್ಟುಬಂದೆ!"

"ಸರ್, ನನ್ನ ಪ್ರಬಂಧಕ್ಕೆ ಸಹಿ?"

"ನಾನೀಗ ಗೈಡೇ ಅಲ್ಲವಲ್ಲಮ್ಮ!" ಎಂದು ಸಿಳ್ಳೆ ಹಾಕುತ್ತ ಮೆಟ್ಟಿಲಿಳಿದರು.

ಚಿಕ್ಕಮ್ಮ ಬಂದು ಅವಳ ಕೈಗೆ ಕಾಗದವೊಂದನ್ನು ತುರುಕಿದರು. "ಹೊಸ ಗೈಡು, ಹೊಸ ಫಾರಂ."

ಹೊಸ ಗೈಡ್ ಆಗಲೇ ದೊಡ್ಡ ಕುರ್ಚಿಯಲ್ಲಿ ಕೂತಿದ್ದರು. ಬೆಳಗಿನ ಅದೇ ಕಿರಿಯ ಮೇಷ್ಟ್ರು. ಪ್ರಬಂಧ ತಿರುವಿಹಾಕಿ, ಕನ್ನಡಕ ತೆಗೆದು ಒರೆಸತೊಡಗಿದರು.

"ಚೆನ್ನಾಗಿದೆ. ಇನ್ನೊಂದೇ ಒಂದು ಪ್ರಯೋಗ ಆಗಿಬಿಡ್ಲಿ."

ನೊಣದಕ್ಕ ಪೆನ್ನಿನ ಮುಚ್ಚಳ ತೆಗೆದಳು. ಅವರ ಮೇಜಿನ ಮೇಲೇ ಫಾರಂ ಹರವಿ ಅದೇ ಸಾಲನ್ನು ಮತ್ತೆ ಬರೆದಳು. ಆಮೇಲೆ ಅಲ್ಲಿದ್ದ ವೈಟ್ನರ್ ಬಾಟಲಿಯನ್ನು ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು.